ಬಲಕ್ಕೆ ಎಷ್ಟು, ಎಡಕ್ಕೆ ಎಷ್ಟು?

ಕೌಲಾಲಂಪುರದಲ್ಲಿ ಬೆಳಗಿನ ಏಳು ಗಂಟೆ ಎಂದರೆ ಇನ್ನೂ ನಸುಗತ್ತಲು. ಭೂಮಧ್ಯರೇಖೆಗೆ ತೀರ ಹತ್ತಿರದ ಊರು; ಜನವರಿಯಾಗಲಿ ಜುಲೈಯಾಗಲಿ, ಸೂರ್ಯ ಏಳರ ಆಸುಪಾಸಿಗಲ್ಲದೆ ಮುಖ ತೋರಿಸುವವನಲ್ಲ. ಅವನಿಗಾಗಿ ಕಾಯುವ ಪುರಸೊತ್ತು ಇಲ್ಲಿನ ಮಾಂಟ್ ಕಿಯಾರಾ ಬಡಾವಣೆಗೆ ಇಲ್ಲ. ಮುಗಿಲೆತ್ತರದ ಕಾಂಡೊಮಿನಿಯಂಗಳ ಬೇಸ್‌ಮೆಂಟಿನಿಂದ ಕಾರುಗಳು ಹೆಡ್‌ಲೈಟ್ ಹಾಕಿಕೊಂಡೇ ಮೇಲೇರಿ ಬರುತ್ತವೆ. ಸೆಕ್ಯುರಿಟಿಯವನ ಗೂಡಿನ ಮುಂದೆ ಅಡ್ಡಕೋಲು ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಹೊರಬಿದ್ದ ಪ್ರತಿ ಕಾರೂ ಸ್ವಲ್ಪ ದೂರ ಹೋಗುವುದರೊಳಗೆ ಒಂದು ತೀರ್ಮಾನಕ್ಕೆ ಬರಬೇಕು: ಎಡಕ್ಕೋ, ಬಲಕ್ಕೋ.

ಜಾಲಾನ್ ಕಿಯಾರಾ ಇಲ್ಲಿನ ಮುಖ್ಯ ರಸ್ತೆ. ಸುತ್ತಮುತ್ತ ಜಾಲಾನ್ ಕಿಯಾರಾ 1, 3, 5 ಎಂದು ನಂಬರಿನ ರಸ್ತೆಗಳು. ಮೂರನೇ ನಂಬರಿನದರಲ್ಲಿ ಗಾರ್ಡನ್ ಇಂಟರ್‌ನ್ಯಾಷನಲ್ ಸ್ಕೂಲ್. ಮುಖ್ಯ ರಸ್ತೆಯಲ್ಲಿ ಮಾಂಟ್ ಕಿಯಾರಾ ಇಂಟರ್‌ನ್ಯಾಷನಲ್ ಸ್ಕೂಲ್, ಪ್ಲಾಜಾ ಮಾಂಟ್ ಕಿಯಾರಾ, 163 ರಿಟೇಲ್ ಪಾರ್ಕ್. ಪಕ್ಕದ ಬುಕಿತ್ ಕಿಯಾರಾ ಗುಡ್ಡ ಒಂದು ಕಾಲಕ್ಕೆ ರಬ್ಬರ್ ತೋಟವಾಗಿತ್ತು. 1990ರ ದಶಕದಲ್ಲಿ ಸನ್‌ರೈಸ್ ಕಂಪನಿ ಇಲ್ಲಿ ಒಂದರ ಹಿಂದೊಂದರಂತೆ ವಸತಿ ಗೋಪುರಗಳನ್ನು ಎಬ್ಬಿಸಿತು. 2004ರಲ್ಲಿ ಪೆಂಚಾಲಾ ಲಿಂಕ್ ಹೆದ್ದಾರಿಯ ಸುರಂಗ ತೆರೆದ ಮೇಲೆ ಗುಡ್ಡದಾಚೆಯ ಡಮನ್ಸಾರಾ ಕೈಯಳತೆಗೆ ಬಂತು. ಜಪಾನಿಗಳು, ಕೊರಿಯನ್ನರು, ಯುರೋಪಿನವರು, ಭಾರತೀಯರು ಎಲ್ಲರೂ ಬಾಡಿಗೆಗೆ ಬಂದು ತುಂಬಿಕೊಂಡರು. ಆದರೆ ಮೆಟ್ರೊ ಸ್ಟೇಷನ್ ಮಾತ್ರ ಬಡಾವಣೆಯ ಒಳಗೆ ಬರಲಿಲ್ಲ. ಶಾಲೆಗೆ ಹೋಗುವ ಮಗು, ಆಫೀಸಿಗೆ ಹೋಗುವ ಅಪ್ಪ, ತಿಂಡಿ ತರುವ ಡೆಲಿವರಿ ಹುಡುಗ, ಎಲ್ಲರೂ ಅದೇ ಕೆಲವು ಕವಲುಗಳಲ್ಲಿ ತಿರುಗಬೇಕು.

ಅಂಥ ಒಂದು ಕವಲಿನ ಮೇಲೆ ಇಪ್ಪತ್ತನೇ ಮಹಡಿಯ ಬಾಲ್ಕನಿಯೊಂದನ್ನು ಊಹಿಸಿಕೊಳ್ಳಿ. ಮಗಳ ಮನೆಗೆಂದು ಬೆಂಗಳೂರಿನಿಂದ ಬಂದ ತಾತ ಕಾಫಿ ಲೋಟ ಹಿಡಿದು ಕೆಳಗೆ ನೋಡುತ್ತಿದ್ದಾರೆ. ಮೊಮ್ಮಗನಿಗೆ ರಜೆ.

“ತಾತ, ಐದು ನಿಮಿಷಕ್ಕೆ ಎಷ್ಟು ಗಾಡಿ ಹೋಗುತ್ತೆ, ಎಣಿಸೋಣ್ವಾ?”

“ಎಣಿಸೋದೇನು, ಎಣಿಸಬಹುದು ಕಣೋ. ಯಾವ ಕಡೆ ಹೋಗೋದನ್ನ?”

“ಎಲ್ಲಾ ಕಡೆ!”

“ಹಾಗಾದ್ರೆ ನಾನು ಬಲಕ್ಕೆ ತಿರುಗೋದನ್ನ ಹಿಡೀತೀನಿ, ನೀನು ಎಡಕ್ಕೆ ಹೋಗೋದನ್ನ. ನೇರ ಹೋಗೋದನ್ನ ಯಾರು ನೋಡ್ಕೋತಾರೆ? ಹೋಗು, ನಿಮ್ಮಮ್ಮನ್ನ ಕರಿ.”

ಸಂಚಾರ ಎಂಜಿನಿಯರಿಂಗಿನ ಒಂದು ಹಳೆಯ ತಲೆನೋವು ಈ ಮಾತಿನಲ್ಲೇ ಇದೆ. ಮೂರು ರಸ್ತೆ ಕೂಡುವಲ್ಲಿ ವಾಹನಗಳಿಗೆ ಆರು ದಾರಿ. ನಾಲ್ಕು ರಸ್ತೆ ಕೂಡಿದರೆ ಪ್ರತಿ ರಸ್ತೆಯಿಂದ ಎಡ, ನೇರ, ಬಲ ಎಂದು ಹನ್ನೆರಡು. ಯೂ-ಟರ್ನ್ ಸೇರಿಸಿದರೆ ಹದಿನಾರು. ಪ್ರತಿ ದಾರಿಯಲ್ಲೂ ಬೈಕ್ ಎಷ್ಟು, ಕಾರೆಷ್ಟು, ಬಸ್ಸೆಷ್ಟು, ಲಾರಿಯೆಷ್ಟು ಎಂದು ಬೇರೆಬೇರೆ ಬರೆಯಬೇಕು. ಏಳು ಬಗೆಯ ವಾಹನ, ಹನ್ನೆರಡು ದಾರಿ ಎಂದಿಟ್ಟುಕೊಂಡರೆ 84 ಮನೆಗಳ ಕೋಷ್ಟಕ. ಹದಿನೈದು ನಿಮಿಷಕ್ಕೊಮ್ಮೆ ಹೊಸ ಹಾಳೆ. ಛತ್ರದ ಬಾಗಿಲಲ್ಲಿ ನಿಂತು ಮದುವೆಗೆ ಬಂದವರ ತಲೆ ಎಣಿಸುವುದು ಯಾರಿಂದಲೂ ಆಗುತ್ತದೆ. ಯಾವ ಬಾಗಿಲಿಂದ ಬಂದವರು ಯಾವ ಬಾಗಿಲಿಂದ ಹೊರಟರು ಎಂದು ಹೇಳಬೇಕಾದರೆ ಪ್ರತಿಯೊಬ್ಬರ ಹಿಂದೆಯೂ ಕಣ್ಣು ಓಡಬೇಕು.

ಈ ಕೆಲಸವನ್ನು ದಶಕಗಳ ಕಾಲ ಮಾಡಿದ್ದು ಮನುಷ್ಯರೇ. ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರನ್ನು ಕೇಳಿ. ಸಿಗ್ನಲ್ ಬಳಿಯ ಮರದಡಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹೊಡೆದ ನೆನಪು ಹಲವರಿಗಿದೆ. “ಗುರು, ಟೂ-ವೀಲರ್ ಕಾಲಂ ತುಂಬೋಯ್ತು, ಇನ್ನೊಂದು ಶೀಟ್ ಕೊಡೋ” ಎಂದು ಪಕ್ಕದವನನ್ನು ಕೇಳುವಷ್ಟರಲ್ಲಿ ಹಸಿರು ಬಿದ್ದಿರುತ್ತದೆ, ಹದಿನೈದು ಬೈಕು ದಾಟಿಹೋಗಿರುತ್ತವೆ. ಆಮೇಲೆ ಅಂದಾಜಿನ ಗೀಟು. ಮಧ್ಯಾಹ್ನದ ಊಟದ ನಂತರದ ಲೆಕ್ಕವನ್ನು ಯಾವ ಅನುಭವಿ ಎಂಜಿನಿಯರೂ ಪೂರ್ತಿ ನಂಬುವುದಿಲ್ಲ.

ಇಷ್ಟು ಕಷ್ಟಪಟ್ಟು ತಿರುವಿನ ಲೆಕ್ಕವೇ ಯಾಕೆ ಬೇಕು, ಒಟ್ಟು ವಾಹನ ಇಷ್ಟು ಎಂದರೆ ಸಾಲದೆ? ಸಾಲದು. ಭಾರತದಂತೆ ಮಲೇಷ್ಯದಲ್ಲೂ ಎಡಬದಿಯ ಸಂಚಾರ. ಎಡಕ್ಕೆ ಹೋಗುವವನು ಹೆಚ್ಚಾಗಿ ಯಾರಿಗೂ ಅಡ್ಡ ಬರದೆ ಜಾರಿಕೊಳ್ಳುತ್ತಾನೆ. ಬಲಕ್ಕೆ ಹೋಗುವವನು ಎದುರಿನಿಂದ ಬರುವ ಸಾಲನ್ನು ಸೀಳಿಕೊಂಡು ಹೋಗಬೇಕು, ಇಲ್ಲವೇ ಅವನಿಗೆಂದೇ ಬೇರೆ ಹಸಿರು ಬೇಕು. ಬಲತಿರುವಿಗೆ ಬಿಟ್ಟ ಜಾಗದಲ್ಲಿ ಆರು ಕಾರು ಹಿಡಿಸುತ್ತವೆ, ಒಂದು ಸುತ್ತಿಗೆ ಬರುವವು ಒಂಬತ್ತು ಎನ್ನಿ. ಉಳಿದ ಮೂರು ಕಾರು ನೇರ ಹೋಗುವ ಸಾಲಿನಲ್ಲಿ ನಿಲ್ಲುತ್ತವೆ. ಅವುಗಳ ಹಿಂದೆ, ಎಲ್ಲೂ ತಿರುಗಬೇಕಿಲ್ಲದವರೆಲ್ಲ ಹಾರನ್ ಒತ್ತುತ್ತ ಕೂರುತ್ತಾರೆ. ಒಟ್ಟು ಸಂಖ್ಯೆ ಎಷ್ಟೇ ಸರಿಯಿದ್ದರೂ ಈ ಮೂರು ಕಾರಿನ ಸುದ್ದಿ ಅದರಲ್ಲಿ ಇರುವುದಿಲ್ಲ. ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಎಫ್. ವಿ. ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರದಿಂದ ಹಿಡಿದು ಇವತ್ತಿನವರೆಗೆ, ಯಾವ ದಿಕ್ಕಿಗೆ ಎಷ್ಟು ಸೆಕೆಂಡು ಹಸಿರು ಎಂಬ ಲೆಕ್ಕಕ್ಕೆ ಪ್ರತಿ ದಿಕ್ಕಿನ ಹರಿವೇ ಮೂಲ ಸಾಮಗ್ರಿ.

ಈಗ ತಾತನ ಜಾಗದಲ್ಲಿ, ಆದರೆ ಇಷ್ಟು ಎತ್ತರದಲ್ಲಲ್ಲ, ಸಿಗ್ನಲ್ ಕಂಬದ ತುದಿಯಲ್ಲಿ ಒಂದು ಕ್ಯಾಮೆರಾ ಇಡೋಣ. ಅದು ಸೆಕೆಂಡಿಗೆ 25 ಚಿತ್ರ ಹಿಡಿಯುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಸೆಕೆಂಡಿಗೆ ಹತ್ತು ಮೀಟರ್ ಓಡುತ್ತದೆ. ಅಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸರಿಯುವುದು 40 ಸೆಂಟಿಮೀಟರ್, ಒಂದು ಮಾರಿನ ಕಾಲುಭಾಗಕ್ಕೂ ಕಡಿಮೆ. ಯಂತ್ರದ ಕೆಲಸ ಸುಲಭವಾಗುವುದೇ ಇಲ್ಲಿ.

ಬಿಳಿ ಪೆರೊಡುವಾ ಮೈವಿ ಕಾರೊಂದು ಕವಲಿನತ್ತ ಬರುತ್ತಿದೆ. ಮೊದಲ ಚಿತ್ರದಲ್ಲಿ ಸಾಫ್ಟ್‌ವೇರ್ ಅದರ ಸುತ್ತ ಒಂದು ಚೌಕಟ್ಟು ಹಾಕಿ ‘ಕಾರು’ ಎಂದು ಬರೆದು ಒಂದು ನಂಬರ್ ಕೊಡುತ್ತದೆ, 417 ಎನ್ನೋಣ. ಚಿತ್ರವನ್ನು ಒಂದೇ ನೋಟಕ್ಕೆ ನೋಡಿ ಚೌಕಟ್ಟು ಹಾಕುವ ಯೋಲೊ ಎಂಬ ವಿಧಾನ 2015ರ ಹೊತ್ತಿಗೆ ಬಂದದ್ದು. ಇವತ್ತು ಇಂಥ ಕೆಲಸಕ್ಕೆ ಅದರ ಮರಿಮೊಮ್ಮಕ್ಕಳು ದುಡಿಯುತ್ತಿವೆ. ಎರಡನೆಯ ಚಿತ್ರದಲ್ಲೂ ಒಂದು ಬಿಳಿ ಕಾರಿದೆ. ಅದು 417 ಹೌದೋ ಅಲ್ಲವೋ? ಹಿಂದಿನ ವೇಗ, ದಿಕ್ಕು ನೋಡಿ ಈ ಹೊತ್ತಿಗೆ 417 ಎಲ್ಲಿರಬೇಕು ಎಂದು ಮೊದಲೇ ಊಹಿಸುವುದು ಒಂದು ಹೆಜ್ಜೆ. ಹಂಗೇರಿ ಮೂಲದ ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಗಣಿತ ಇಲ್ಲಿ ಕೆಲಸಕ್ಕೆ ಬರುತ್ತದೆ. ಊಹಿಸಿದ ಚೌಕಟ್ಟೂ ಕಂಡ ಚೌಕಟ್ಟೂ ಎಷ್ಟರಮಟ್ಟಿಗೆ ಒಂದರ ಮೇಲೊಂದು ಕೂರುತ್ತವೆ ಎಂದು ಅಳೆದು ಜೋಡಿ ಕೂಡಿಸುವುದು ಇನ್ನೊಂದು ಹೆಜ್ಜೆ. ಕಾರಿನ ನಂಬರ್ ಪ್ಲೇಟ್ ಓದುವ ಗೊಡವೆಯೇ ಇಲ್ಲ. ಹೆಜ್ಜೆಗೆ 40 ಸೆಂಟಿಮೀಟರಿನಂತೆ 417ರ ಜಾಡು ಒಂದು ಗೆರೆಯಾಗಿ ಬೆಳೆಯುತ್ತದೆ.

ಪ್ರತಿ ರಸ್ತೆಯ ಬಾಯಿಗೂ ಎಂಜಿನಿಯರ್ ಮೊದಲೇ ಪರದೆಯ ಮೇಲೆ ಒಂದೊಂದು ಗೀಟು ಎಳೆದು ಎ, ಬಿ, ಸಿ ಎಂದು ಹೆಸರಿಟ್ಟಿರುತ್ತಾನೆ. 417ರ ಜಾಡು ‘ಎ’ ಗೀಟನ್ನು ಒಳಮುಖವಾಗಿ ದಾಟಿ ‘ಸಿ’ ಗೀಟನ್ನು ಹೊರಮುಖವಾಗಿ ದಾಟಿತೋ, ಕೋಷ್ಟಕದ ಎ-ಸಿ ಮನೆಯಲ್ಲಿ ಒಂದು ಹೆಚ್ಚಾಗುತ್ತದೆ. ಇಷ್ಟೇ ವಿದ್ಯೆ.

ತೊಂದರೆ ಬರುವುದು ಬಸ್ಸು ಬಂದಾಗ. ಶಾಲೆಯ ಬಸ್ಸೊಂದು ಕವಲಿನ ನಡುವೆ ನಿಧಾನವಾಗಿ ಬಲಕ್ಕೆ ಹೊರಳುತ್ತದೆ. ಅದರ ಮರೆಯಲ್ಲಿ 417 ಎರಡು ಮೂರು ಸೆಕೆಂಡು ಕಾಣುವುದೇ ಇಲ್ಲ. ಬಸ್ಸು ಸರಿದ ಮೇಲೆ ಒಂದು ಬಿಳಿ ಕಾರು ಆಚೆ ಬದಿಯಲ್ಲಿ ಪ್ರತ್ಯಕ್ಷವಾಗುತ್ತದೆ. ಯಂತ್ರ ಅದನ್ನು ಹೊಸಬನೆಂದು ತಿಳಿದು 431 ಎಂದು ಕರೆದರೆ ಕಥೆ ಮುಗಿಯಿತು. 417 ಒಳಗೆ ಬಂತು, ಹೊರಗೆ ಹೋಗಲೇ ಇಲ್ಲ. 431 ಹೊರಗೆ ಹೋಯಿತು, ಎಲ್ಲಿಂದ ಬಂತೋ ಗೊತ್ತಿಲ್ಲ. ಒಳಬಂದವು ಇಷ್ಟು, ಹೊರಹೋದವು ಇಷ್ಟು ಎಂಬ ಒಟ್ಟು ಲೆಕ್ಕ ಚೊಕ್ಕವಾಗಿಯೇ ಇರುತ್ತದೆ. ಎ-ಸಿ ಮನೆಯಲ್ಲಿ ಮಾತ್ರ ಒಂದು ಕಾರು ಕಾಣೆ. ಹೀಗಾಗಿ ಇಂಥ ಸಾಫ್ಟ್‌ವೇರ್ ಮಾರುವವನು ತೋರಿಸುವ ಒಟ್ಟು ನಿಖರತೆಯ ಅಂಕಿಗಿಂತ, ಎಷ್ಟು ಜಾಡುಗಳು ನಡುವೆ ಕಡಿದುಹೋದವು ಎಂಬ ಪ್ರಶ್ನೆ ಈ ವ್ಯವಹಾರದಲ್ಲಿ ಹೆಚ್ಚು ಬೆಲೆಯದು. ಕಡಿದ ಜಾಡನ್ನು ಅದು ಬಾಗಿದ ರೀತಿ ನೋಡಿ, ಇದು ಬಲಕ್ಕೆ ಹೊರಟದ್ದೇ ಇರಬೇಕು ಎಂದು ಪೂರ್ತಿಮಾಡುವ ಉಪಾಯಗಳೂ ಇವೆ. ಅವೂ ಅಂದಾಜಿನ ಗೀಟುಗಳೇ. ಮರದಡಿಯ ಹುಡುಗನದಕ್ಕಿಂತ ಶಿಸ್ತಿನವು, ಅಷ್ಟೆ.

ಮಾಂಟ್ ಕಿಯಾರಾದಂಥ ಕಡೆ ಹವೆಯೂ ಸತಾಯಿಸುತ್ತದೆ. ಶಾಲೆಯ ಗದ್ದಲ ನೆತ್ತಿಗೇರುವ ಏಳು ಗಂಟೆಯ ಹೊತ್ತಿಗೇ ಬೆಳಕು ಅರೆಬರೆ. ಹೆಡ್‌ಲೈಟಿನ ಪ್ರಭೆಯಲ್ಲಿ ಕಾರಿನ ಮೈ ಕರಗಿ ಎರಡು ಬೆಳಕಿನ ಉಂಡೆಗಳಷ್ಟೇ ಉಳಿಯುತ್ತವೆ. ಸಂಜೆಯ ಹೊತ್ತಿಗೆ ಮಳೆ. ಒದ್ದೆ ಟಾರಿನ ಮೇಲೆ ದೀಪದ ಪ್ರತಿಬಿಂಬ ಬಿದ್ದು ಇಲ್ಲದ ವಾಹನವೊಂದು ಹುಟ್ಟಿಕೊಳ್ಳಬಹುದು. ಜಾಕೆಟ್ಟನ್ನು ಹಿಂದುಮುಂದಾಗಿ ತೊಟ್ಟ ಬೈಕ್ ಸವಾರರು, ಗ್ರ್ಯಾಬ್‌ನ ಹಸಿರು ಪೆಟ್ಟಿಗೆ, ಫುಡ್‌ಪಾಂಡಾದ ಗುಲಾಬಿ ಪೆಟ್ಟಿಗೆ ಹೊತ್ತವರು ಕಾರುಗಳ ಸಂದಿಯಲ್ಲಿ ನುಸುಳಿ ಕೆಂಪು ದೀಪದ ಮುಂದೆ ಗುಂಪುಗೂಡುತ್ತಾರೆ. ಐದು ಬೈಕಿಗೆ ಮೂರೇ ಚೌಕಟ್ಟು ಬೀಳುವುದು ಇಂಥಲ್ಲಿ. ಮಳೆ ಜೋರಾದರೆ ಅದೇ ಸವಾರರು ಮೇಲ್ಸೇತುವೆಯ ಕೆಳಗೆ ಗಾಡಿ ನಿಲ್ಲಿಸಿ ಕಾಯುತ್ತಾರೆ. ಆಗ ಕೋಷ್ಟಕದಲ್ಲಿ ಬೈಕುಗಳ ಸಂಖ್ಯೆ ದಿಢೀರನೆ ಇಳಿಯುತ್ತದೆ. ಇಳಿದದ್ದು ರಸ್ತೆಯಲ್ಲೋ, ಲೆನ್ಸಿನ ಮೇಲಿನ ನೀರಹನಿಯಿಂದಲೋ ಎಂದು ಹೇಳಬೇಕಾದರೆ ಊರನ್ನು ಬಲ್ಲ ಮನುಷ್ಯನೇ ಬೇಕು.

ಕೌಲಾಲಂಪುರಕ್ಕೆ ಈ ವಿದ್ಯೆ ಹೊಸತಲ್ಲ. 2018ರ ಜನವರಿಯಲ್ಲಿ ಅಲಿಬಾಬಾ ಕ್ಲೌಡ್, ಮಲೇಷ್ಯದ ಡಿಜಿಟಲ್ ಆರ್ಥಿಕತೆ ನಿಗಮ ಮತ್ತು ಕೌಲಾಲಂಪುರ ನಗರಾಡಳಿತ ಸೇರಿ ‘ಮಲೇಷ್ಯ ಸಿಟಿ ಬ್ರೇನ್’ ಯೋಜನೆಯನ್ನು ಘೋಷಿಸಿದವು. ಆಗ ಪ್ರಕಟವಾದಂತೆ, ಮೊದಲ ಹಂತದಲ್ಲಿ 382 ಕ್ಯಾಮೆರಾಗಳ ದೃಶ್ಯ ಮತ್ತು 281 ಸಿಗ್ನಲ್ ಜಂಕ್ಷನ್‌ಗಳ ಮಾಹಿತಿಯನ್ನು ಒಂದೆಡೆ ತಂದು, ವಾಹನ ಎಣಿಸಿ, ಸಿಗ್ನಲ್ ಸಮಯ ಹೊಂದಿಸುವ ಉದ್ದೇಶವಿತ್ತು. ತಿರುವಿನ ಲೆಕ್ಕವನ್ನೇ ಪಂದ್ಯವಾಗಿಸಿದ್ದು 2020ರ ‘ಎಐ ಸಿಟಿ ಚಾಲೆಂಜ್’. ಇಪ್ಪತ್ತು ಕ್ಯಾಮೆರಾಗಳ ಸುಮಾರು ಒಂಬತ್ತು ಗಂಟೆಯ ವಿಡಿಯೊ ಕೊಟ್ಟು, ಯಾವ ವಾಹನ ಯಾವ ದಾರಿ ಹಿಡಿಯಿತು ಎಂದು ಲೆಕ್ಕ ಕೇಳಿದ್ದರು. ಸರಿಯಾಗಿ ಎಣಿಸಿದರೆ ಸಾಲದು, ಬೇಗ ಎಣಿಸಬೇಕು ಎಂಬ ಷರತ್ತು ಬೇರೆ. ಆದರೆ ಅಲ್ಲಿ ವಾಹನದ ಜಾತಿ ಎರಡೇ: ಕಾರು, ಟ್ರಕ್ಕು.

ಎರಡೇ ಜಾತಿಯ ಆ ಪಟ್ಟಿಯನ್ನು ಬೆಂಗಳೂರಿನ ಮತ್ತಿಕೆರೆಗೆ ತಂದು ನೋಡಿ.

ಬೆಳಗಿನ ಒಂಬತ್ತೂವರೆ. ಎಂ.ಎಸ್. ರಾಮಯ್ಯ ಜಂಕ್ಷನ್ನಿನಲ್ಲಿ ಆಸ್ಪತ್ರೆಗೆ ಬಂದ ಆಟೊ ರಸ್ತೆಯ ನಡುವೆಯೇ ಹೊರಳಿ ನಿಲ್ಲುತ್ತದೆ. ಬಿಎಂಟಿಸಿ ಬಸ್ಸು ಸ್ಟಾಪಿನಿಂದ ಹೊರಬರುವಾಗ ಎರಡೂ ಲೇನನ್ನು ಆಕ್ರಮಿಸುತ್ತದೆ. ನೀರಿನ ಟ್ಯಾಂಕರು, ಟಾಟಾ ಏಸು, ತರಕಾರಿ ತುಂಬಿದ ಗೂಡ್ಸ್ ಆಟೊ, ಕಾಲೇಜಿನ ಟೆಂಪೊ ಟ್ರಾವೆಲರು. ಇವೆಲ್ಲದರ ಸಂದಿಗೊಂದಿ ತುಂಬಿಕೊಂಡು ಸ್ಕೂಟರುಗಳು. ಲೇನು ಎಂಬುದು ಬಣ್ಣದ ಗೀಟಷ್ಟೇ. ಮಾಂಟ್ ಕಿಯಾರಾದಲ್ಲಿ ಬಲಸಾಲಿನಲ್ಲಿ ನಿಂತ ಕಾರು ಬಹುಮಟ್ಟಿಗೆ ಬಲಕ್ಕೇ ಹೋಗುತ್ತದೆ. ಇಲ್ಲಿ ಎಡತುದಿಯಲ್ಲಿದ್ದ ಆಟೊ ಹಸಿರು ಬಿದ್ದೊಡನೆ ಎಲ್ಲರ ಮೂತಿಯ ಮುಂದೆ ಹಾದು ಬಲಕ್ಕೆ ತಿರುಗಿಬಿಡಬಹುದು. ತಿರುವು ಎಣಿಸುವ ಯಂತ್ರಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ.

ಆ ಪರೀಕ್ಷೆಯನ್ನು ಇಟ್ಟದ್ದು ಅಲ್ಲೇ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ). 2024ರಲ್ಲಿ ಸಂಸ್ಥೆಯ ‘ಸೆಂಟರ್ ಆಫ್ ಡೇಟಾ ಫಾರ್ ಪಬ್ಲಿಕ್ ಗುಡ್’ ಬೆಂಗಳೂರು ಸಂಚಾರ ಪೊಲೀಸರ ಜೊತೆಗೂಡಿ ‘ಬೆಂಗಳೂರು ಮೊಬಿಲಿಟಿ ಚಾಲೆಂಜ್’ ನಡೆಸಿತು. ಸಂಸ್ಥೆಯ ಸುತ್ತಮುತ್ತಲ ಉತ್ತರ ಬೆಂಗಳೂರಿನಲ್ಲಿ ನಗರದ ಸುರಕ್ಷತೆಗೆಂದು ಹಾಕಿದ 23 ‘ಸೇಫ್ ಸಿಟಿ’ ಕ್ಯಾಮೆರಾಗಳ ದೃಶ್ಯ ಸ್ಪರ್ಧಿಗಳ ಕೈಗೆ ಬಂತು: ಮತ್ತಿಕೆರೆ, ದೇವಸಂದ್ರ ಸಿಗ್ನಲ್, ಕುವೆಂಪು ವೃತ್ತ, ಮಲ್ಲೇಶ್ವರದ 18ನೇ ಕ್ರಾಸ್ ಬಸ್ ನಿಲ್ದಾಣ, ಅಯ್ಯಪ್ಪ ದೇವಸ್ಥಾನ. ಬೆಂಗಳೂರಿಗ ದಿನಾ ದಾಟುವ ಜಾಗಗಳೇ. ಸೈಕಲ್, ದ್ವಿಚಕ್ರ, ಆಟೊ, ಕಾರು, ಲಘು ಸರಕು ವಾಹನ, ಬಸ್, ಟ್ರಕ್ ಎಂದು ಏಳು ಬಗೆ. ಕೊಟ್ಟ ವಿಡಿಯೊದಲ್ಲಿ ಯಾವ ತಿರುವಿನಲ್ಲಿ ಎಷ್ಟು ವಾಹನ ಹೋದವು ಎಂದು ಹೇಳಿದರೆ ಅರ್ಧ ಕೆಲಸ. ಮುಂದಿನ ಅರ್ಧ ಗಂಟೆಯಲ್ಲಿ ಎಷ್ಟು ಹೋಗಲಿವೆ ಎಂದೂ ಹೇಳಬೇಕಿತ್ತು.

ಆಟೊದ ಮಾತು ಸ್ವಲ್ಪ ನಿಧಾನಿಸಿ ನೋಡುವಂಥದ್ದು. ಜಗತ್ತಿನ ಬಹುಪಾಲು ಇಂಥ ಸಾಫ್ಟ್‌ವೇರುಗಳು ಕಣ್ಣು ಬಿಟ್ಟದ್ದು ‘ಕೋಕೋ’ ಎಂಬ ಚಿತ್ರಸಂಗ್ರಹದಲ್ಲಿ. ಮೈಕ್ರೋಸಾಫ್ಟ್ 2014ರಲ್ಲಿ ಹೊರತಂದದ್ದು. ಅದರಲ್ಲಿ 80 ವಸ್ತುಗಳ ಹೆಸರುಗಳಿವೆ. ಸೈಕಲ್, ಕಾರು, ಮೋಟಾರ್‌ಸೈಕಲ್, ವಿಮಾನ, ಬಸ್, ರೈಲು, ಟ್ರಕ್, ದೋಣಿ ಎಲ್ಲ ಇವೆ, ಆಟೊ ಇಲ್ಲ. ಹಾಗೆ ಕಲಿತ ಯಂತ್ರವನ್ನು ಇದ್ದಂತೆಯೇ ಮತ್ತಿಕೆರೆಯ ಕಂಬಕ್ಕೆ ಕಟ್ಟಿದರೆ ಕಣ್ಣೆದುರಿನ ಆಟೊವನ್ನು ಒಮ್ಮೆ ಕಾರು ಎನ್ನುತ್ತದೆ, ಒಮ್ಮೆ ಟ್ರಕ್ಕು ಎನ್ನುತ್ತದೆ, ಒಮ್ಮೆ ಬಿಟ್ಟೇಬಿಡುತ್ತದೆ. ಅದರ ಕಣ್ಣಿಗೆ ದೋಷವಿಲ್ಲ. ಪಟ್ಟಿ ಬರೆದವರ ಊರಿನಲ್ಲಿ ಆಟೊ ಇರಲಿಲ್ಲ.

ಐಐಎಸ್‌ಸಿಯವರೇ 2025ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಸುಮಾರು 2,800 ಸೇಫ್ ಸಿಟಿ ಕ್ಯಾಮೆರಾಗಳಿಂದ ನಾಲ್ಕು ವಾರಗಳಲ್ಲಿ ಆಯ್ದ 26,646 ಚಿತ್ರಗಳನ್ನು ದೇಶದ ಬೇರೆಬೇರೆ ಕಾಲೇಜುಗಳ 565 ವಿದ್ಯಾರ್ಥಿಗಳ ಮುಂದಿಟ್ಟರು. ಅವರು ಕೂತು ಒಂದೊಂದು ವಾಹನಕ್ಕೂ ಚೌಕಟ್ಟು ಎಳೆದರು. ಒಟ್ಟು 18 ಲಕ್ಷ ಚೌಕಟ್ಟು. ಒಂದೇ ವಾಹನವನ್ನು ಹಲವರು ಗುರುತಿಸಿದಾಗ ಬಹುಮತಕ್ಕೆ ಬಿಟ್ಟು, ಒಪ್ಪಿತವಾದ ಸುಮಾರು ಮೂರು ಲಕ್ಷವನ್ನು ಉಳಿಸಿಕೊಂಡರು. ವಾಹನದ ಬಗೆಗಳು ಹದಿನಾಲ್ಕಕ್ಕೆ ಏರಿದವು: ಆಟೊಗೆ ತನ್ನದೇ ಮನೆ, ಟೆಂಪೊ ಟ್ರಾವೆಲರ್‌ಗೆ ತನ್ನದು, ಮಿನಿ ಬಸ್ಸಿಗೆ ತನ್ನದು; ಯಾವುದಕ್ಕೂ ಸೇರದವಕ್ಕೆ ‘ಇತರೆ’. ಮರದಡಿ ಕೂತು ಗೀಟು ಎಳೆಯುತ್ತಿದ್ದ ಹುಡುಗರ ಕೆಲಸ ಹೋಗಲಿಲ್ಲ. ರಸ್ತೆ ಬದಿಯಿಂದ ಲ್ಯಾಪ್‌ಟಾಪಿನ ಮುಂದಕ್ಕೆ ಬಂತು. ಯಂತ್ರಕ್ಕೆ ಎಣಿಸಲು ಕಲಿಸಬೇಕಾದರೆ ಮೊದಲು ಮನುಷ್ಯರೇ ಎಣಿಸಿ ತೋರಿಸಬೇಕು.

ಎಣಿಸಿದ ಮೇಲೆ ತೂಕ. ಕೋಷ್ಟಕದ ಮನೆಗಳನ್ನು ಹಾಗೆಯೇ ಕೂಡಿಸುವುದಿಲ್ಲ. ಎಲ್ಲವನ್ನೂ ‘ಕಾರಿನ ಲೆಕ್ಕ’ಕ್ಕೆ ಇಳಿಸುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿಯಲ್ಲಿ ನಗರದ ರಸ್ತೆಗಳಿಗೆ ಕಾರು 1 ಎಂದಾದರೆ ದ್ವಿಚಕ್ರ ವಾಹನ 0.5 ಅಥವಾ 0.75, ಆಟೊ 1.2 ಅಥವಾ 2; ಬಸ್ಸು 2.2 ಅಥವಾ 3.7. ಆ ಬಗೆಯ ವಾಹನ ಒಟ್ಟಿನಲ್ಲಿ ಶೇಕಡಾ ಎಷ್ಟಿದೆ ಎಂಬುದರ ಮೇಲೆ ಎರಡರಲ್ಲೊಂದು. ಎಷ್ಟು ಜಾಗ ಹಿಡಿಯುತ್ತದೆ, ಎಷ್ಟು ತಡ ಮಾಡುತ್ತದೆ ಎಂಬುದರ ತೂಕವಿದು. ಬಸ್ಸಿನೊಳಗೆ ಅರವತ್ತು ಜನ ಜೋತುಬಿದ್ದಿರಲಿ, ಡ್ರೈವರ್ ಕಂಡಕ್ಟರ್ ಇಬ್ಬರೇ ಇರಲಿ, 3.7 ಎಂದರೆ 3.7. ಒಬ್ಬನೇ ಕೂತ ಕಾರುಗಳು ನಾಲ್ಕು ಸಾಲುಗಟ್ಟಿದರೆ ಆ ತುಂಬಿದ ಬಸ್ಸಿಗಿಂತ ಅವುಗಳ ತೂಕವೇ ಹೆಚ್ಚು, ಹಸಿರು ಅವುಗಳತ್ತ ವಾಲುತ್ತದೆ. ಇದರಲ್ಲಿ ಕ್ಯಾಮೆರಾದ ತಪ್ಪಿಲ್ಲ, ಗಣಿತದ ತಪ್ಪೂ ಇಲ್ಲ. ಕೇಳಿದ ಪ್ರಶ್ನೆಗೆ ತಕ್ಕ ಉತ್ತರ ಬಂದಿದೆ.

ಮಾಂಟ್ ಕಿಯಾರಾದ ಕವಲಿನಲ್ಲಿ ಬೆಳಗಿನ ಹೊತ್ತು ಕಾರುಗಳ ನಡುವೆ ಬೇರೆಯವರೂ ಇರುತ್ತಾರೆ. ಬಸ್ಸಿಳಿದು ಮನೆಗೆಲಸಕ್ಕೆ ಬರುವ ಹೆಂಗಸು, ರಾತ್ರಿ ಪಾಳಿ ಮುಗಿಸಿ ಹೊರಟ ಸೆಕ್ಯುರಿಟಿಯವನು, ಎದುರಿನ ಅಂಗಡಿಗೆ ಹಾಲಿಗೆಂದು ಹೊರಟ ಮುದುಕ. ಎಡತಿರುವಿನ ಕಾರುಗಳು ನಿಲ್ಲದೆ ಜಾರಿಕೊಳ್ಳುವ ಜಾಗದಲ್ಲೇ ಅವರು ಕಾಲಿಡಬೇಕು. ತಿರುವಿನ ಕೋಷ್ಟಕ ಎಷ್ಟೇ ನಿಖರವಾಗಿದ್ದರೂ ಅವರು ಅದರಲ್ಲಿ ಇಲ್ಲ. ಆ ಹದಿನಾಲ್ಕು ಬಗೆಯ ಪಟ್ಟಿಯಲ್ಲೂ ಇಲ್ಲ, ಅದು ವಾಹನಗಳ ಪಟ್ಟಿ. ವಾಹನಗಳ ಹರಿವನ್ನಷ್ಟೇ ನೋಡುವ ಸೂತ್ರ, ಕೋಷ್ಟಕದಲ್ಲಿ ಇಲ್ಲದವರಿಗೆ ಸೆಕೆಂಡು ಹಂಚುವುದಿಲ್ಲ.

ಹಾಗೆಂದು ಯಂತ್ರಕ್ಕೆ ಅವರು ಕಾಣುವುದಿಲ್ಲವೆಂದಲ್ಲ. ಆಟೊಗೆ ಜಾಗವಿಲ್ಲದ ಅದೇ ಕೋಕೋ ಪಟ್ಟಿಯ 80 ಹೆಸರುಗಳಲ್ಲಿ ಮೊಟ್ಟಮೊದಲನೆಯದು ‘ವ್ಯಕ್ತಿ’. ಆ ಪಟ್ಟಿಯಿಂದ ಕಲಿತು ಕಾರು ಗುರುತಿಸುವ ಸಾಫ್ಟ್‌ವೇರ್ ಅದೇ ಚಿತ್ರದಲ್ಲಿ, ಅದೇ ಕ್ಷಣದಲ್ಲಿ, ರಸ್ತೆ ದಾಟುವ ಮನುಷ್ಯನನ್ನೂ ಗುರುತಿಸಿರುತ್ತದೆ. ಲೆಕ್ಕಕ್ಕೆ ಬೇಡವೆಂದು ಕೆಳಗೆ ಬಿಟ್ಟಿರುತ್ತದೆ. ಹೊಸ ಕಾಂಡೊಗೆ ಸಂಚಾರ ವರದಿ ತಯಾರಿಸುವವರು, ಹೊಸ ಸಿಗ್ನಲ್ಲಿಗೆ ಟೆಂಡರ್ ಬರೆಯುವವರು ಕೋಷ್ಟಕಕ್ಕೆ ಇನ್ನೊಂದು ಸಾಲು ಸೇರಿಸಿ ಎಂದರೆ ಮರುದಿನದಿಂದಲೇ ಆ ಲೆಕ್ಕ ಬರುತ್ತದೆ. ಬೆಂಗಳೂರಿನಲ್ಲಿ ಆಟೊಗೊಂದು ಮನೆ ಬೇಕೆಂದು ಕೇಳಿದವರಿದ್ದರು, ಸಿಕ್ಕಿತು. ನಡೆದು ಹೋಗುವವನ ಪರವಾಗಿ ಅದನ್ನು ಕೇಳುವ ಕೆಲಸ ಮಾತ್ರ ಎರಡೂ ಊರಿನಲ್ಲಿ ಬಾಕಿಯಿದೆ.